ಕಾವತ್ತು

ತಾಲ್ಲೂಕು ಕಚೇರಿ ಕಾಂಪೌಂಡಿಗೆ ಒರಗಿ
ನನ್ನ ಮೇಜು, ಹಳೇ ಕನ್ನಡ ಟೈಪ್‌ರೈಟರು,
ಮೇಲೆ ಗೊಬ್ಬರದ ಚೀಲ ಬಿಚ್ಚಿ ಹೊಲಿದ ನೆರಳು.
ಪುಟಕ್ಕೆ ಎರಡೂವರೆ. ಕಾರ್ಬನ್ ಹಾಕಿದರೆ ಮೇಲೆ ನಾಕಾಣೆ.
ಈ ದರಕ್ಕೆ ನನ್ನೊಡನೆ ಯಾರೂ ಒಪ್ಪಂದ ಮಾಡಿಕೊಂಡದ್ದಿಲ್ಲ,
ಚೌಕಾಸಿ ಮಾಡುತ್ತಾರೆ, ಅಷ್ಟೆ.

ಮಂಡಕ್ಕಿ ಭಟ್ಟಿಗಳು ಹತ್ತೊಂಬತ್ತು ದಿನ ಉರಿಯದೆ
ದಾವಣಗೆರೆಯ ಆಕಾಶ ತೊಳೆದ ತಟ್ಟೆಯಂತಾಗಿತ್ತು.
ಸಂಜೆಯ ಗಾಡಿಗಳಲ್ಲಿ ಬರೀ ಮೆಣಸಿನಕಾಯಿ.
ಜನ ಬೈಯುತ್ತಿದ್ದರು,
ಯಾರನ್ನು ಬೈಯಬೇಕೆಂದು ತಿಳಿಯದೆ.

ಇಪ್ಪತ್ತನೆಯ ದಿನ ಎರಡೂ ಕಡೆಯವರು ಬಂದರು.
ಭಟ್ಟಿ ಮಾಲೀಕರ ಪರವಾಗಿ ವಾಜಿದ್ ಸಾಹೇಬರು,
ಅವರ ವಕೀಲ ಕೊಟ್ರಬಸಪ್ಪ.
ಯೂನಿಯನ್ನಿನಿಂದ ಚಮನ್‌ಸಾಬ್,
ಮತ್ತೆ ಜರಡಿ ಹಿಡಿಯುವ ಹೆಂಗಸರ ಪರವಾಗಿ
ಮೆಹರುನ್ನೀಬಿ, ಸೆರಗಿನ ತುದಿಯಲ್ಲಿ ಎಲೆಅಡಿಕೆ.

ವಕೀಲರು ಹೇಳುತ್ತ ಹೋದರು, ನಾನು ಬಡಿಯುತ್ತ ಹೋದೆ:
ಮಳೆ ಬಂದು ಭತ್ತ ಒಣಗದ ದಿನಕ್ಕೆ
ಮಾಲೀಕರು ಅರ್ಧ ಕೂಲಿ ಕೊಡಬಹುದು.
"ತಡೀರಿ," ಅಂದಳು ಮೆಹರುನ್ನೀಬಿ.
"ಬಹುದು ಅಂದ್ರೆ ಅದೂ ಮಳೆ ಇದ್ದಂಗೆ.
ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ.
ಆ ಇನ್ನೊಂದು ಮಾತೈತಲ್ಲ, ಕೋರ್ಟಿನೋರು ಹೇಳೋದು,
ಅದು ಹಾಕ್ರಿ."
ಓದು ಬಾರದ ಹೆಂಗಸು.
ಆ ಒಂದು ಮಾತಿಗೆ ನಾಲ್ಕು ಸಲ ಚಹಾ ಬಂತು,
ವಾಜಿದ್ ಸಾಹೇಬರು ಎರಡು ಸಲ ಎದ್ದು ಚಪ್ಪಲಿ ಮೆಟ್ಟಿದರು,
ಎರಡು ಸಲ ಬಿಟ್ಟರು.
ಕೊನೆಗೆ ಯಾರ ಮುಖವನ್ನೂ ನೋಡದೆ ಅಂದರು:
ಹಾಕು. ಕೊಡತಕ್ಕದ್ದು.

ನನ್ನ ಗಂಟಲು ಒಣಗಿದ್ದು ಆಗ.
ನನ್ನ ಮಿಷನ್ನಿನ ಕಾವತ್ತು ಮುರಿದು ಆರು ತಿಂಗಳಾಗಿತ್ತು.
ಜಮೀನಿನ ಪತ್ರಕ್ಕೆ ಹೇಗೋ ನಡೆದಿತ್ತು.
ಇಲ್ಲಿ ನೋಡಿದರೆ ಎಲ್ಲ ಅದೇ ಅಕ್ಷರ:
ಮಂಡಕಿ, ಚೀಲಕೆ, ದಿನಕೆ, ರೊಕ, ಲೆಕ,
ಕಾರ್ಮಿಕರ ಹಕು.
ಒತ್ತಿಲ್ಲದ ಒಪ್ಪಂದ, ಬಟ್ಟಲಲ್ಲಿ ನೆನೆದ ಮಂಡಕ್ಕಿಯ ಹಾಗೆ
ಮೆತ್ತಗೆ ಕುಳಿತಿತ್ತು.

ನೀಲಿ ಪೆನ್ನಿನಲ್ಲಿ ಒಂದೊಂದನ್ನೂ ಇಳಿಸಿದೆ.
ಪ್ರತಿಗೆ ನಲವತ್ತೊಂದು, ಮೂರು ಪ್ರತಿ.
"ಕೈತಿದ್ದುಪಡಿ," ಅಂದರು ಕೊಟ್ರಬಸಪ್ಪ,
"ಒಂದೊಂದಕ್ಕೂ ಎರಡೂ ಕಡೆಯವರ ರುಜು ಬೇಕು."
ಹಾಗಾಗಿ ಹೊತ್ತು ಮುಳುಗುವ ತನಕ
ಒಂದೇ ಪೆನ್ನು ಮಾಲೀಕರ ಕೈಯಿಂದ ಯೂನಿಯನ್ ಕೈಗೆ,
ಅಲ್ಲಿಂದ ಇಲ್ಲಿಗೆ.
ಮೆಹರುನ್ನೀಬಿ ಹೆಬ್ಬೆಟ್ಟು ಒತ್ತಿದಳು.
ಬಿಸಿ ಮರಳು ತಿಂದ ಆ ಬೆರಳಲ್ಲಿ ಗೆರೆಗಳೇ ಇರಲಿಲ್ಲ.
ಹಕ್ಕು ಎಂಬಲ್ಲಿ ಒಂದು ನೇರಳೆ ಕಲೆ,
ರೊಕ್ಕ ಎಂಬಲ್ಲಿ ಇನ್ನೊಂದು.

ಮರುದಿನ ಆಜಾದ್ ನಗರದ ಮೇಲೆ ಹೊಗೆ ಎದ್ದಾಗ
ಕೆಮ್ಮುತ್ತಲೇ ಖುಷಿಪಟ್ಟೆ. ಅದು ಬೇರೆ ಮಾತು.

ಈಗ ಟೈಪ್‌ರೈಟರು ಅಟ್ಟದಲ್ಲಿದೆ.
ಕಳೆದ ಆಷಾಢದಲ್ಲಿ ಹುಡುಗನೊಬ್ಬ ಮನೆ ಹುಡುಕಿಕೊಂಡು ಬಂದ,
ಮೆಹರುನ್ನೀಬಿಯ ಮೊಮ್ಮಗ, ಅದೇ ಭಟ್ಟಿಯಲ್ಲೇ ಕೆಲಸ.
ಎಂಟು ದಿನ ಜಿಟಿಜಿಟಿ ಮಳೆ, ಕೂಲಿ ಇಲ್ಲ.
ಕೇಳಿದರೆ ಅಂತಹ ಕರಾರೇ ಇಲ್ಲವಂತೆ.
ಕೈಯಲ್ಲೊಂದು ಜೆರಾಕ್ಸು.

ನೀಲಿ ಶಾಯಿಯನ್ನು ಜೆರಾಕ್ಸು ಹಿಡಿದಿರಲಿಲ್ಲ.
ಕೊಡತಕದ್ದು, ಅಂತಿತ್ತು ಅಲ್ಲಿ. ಹಕು. ಲೆಕ.
"ಇದ್ಯಾವ ಭಾಷೆ ಅಂತ ನಗ್ತಾರೆ ಅಜ್ಜಾ,
ನೀವೇ ಟೈಪ್ ಮಾಡಿದ್ದಂತೆ, ತಿದ್ದಿ ಕೊಡ್ರಿ."

ಪೆನ್ನಿನ ಮುಚ್ಚಳ ತೆಗೆದೆ.
ಮೂವತ್ತೊಂದು ವರ್ಷದ ಮೇಲೆ ನಾನೊಬ್ಬನೇ ಇಳಿಸಿದ ಒತ್ತಿಗೆ
ಪಕ್ಕದಲ್ಲಿ ರುಜು ಹಾಕುವವರು ಯಾರು?
ಮುಚ್ಚಳ ಹಾಕಿದೆ.
"ಮೂಲ ಪ್ರತಿ?"
"ಒಂದು ಮಾಲೀಕರ ಹತ್ರ. ಒಂದು ಆಫೀಸಿನಾಗೆ, ಸಿಗವಲ್ದು.
ನಮ್ದು ಅಜ್ಜಿ ಟ್ರಂಕಿನಾಗೆ ಇತ್ತು."
"ಇತ್ತು?"
"ನೋಡ್ಬೇಕು."

ನೋಡು ಹೋಗು, ಅಂದೆ.
ನೇರಳೆ ಕಲೆ ಇರುವ ಕಾಗದ ಹುಡುಕು.
ಅಲ್ಲಿವರೆಗೆ ಕೂತುಕೋ,
ಈ ಪುಟವನ್ನು ಓದುವುದು ಹೇಗೆಂದು ಹೇಳಿಕೊಡುತ್ತೇನೆ.
ತಕ್ಕದ್ದು.
ನಾಲಿಗೆ ಹಿಂದಕ್ಕೆ ಹೋಗಿ ಅಂಗುಳಿಗೆ ತಾಗಬೇಕು,
ಒಂದು ಕ್ಷಣ ಉಸಿರು ಅಲ್ಲೇ ನಿಲ್ಲಬೇಕು.
ಅನ್ನು.

ಹುಡುಗ ಅಂದ.
ಹೊರಗೆ ಮಳೆ ಇನ್ನೂ ಬಿಟ್ಟಿರಲಿಲ್ಲ.
ಇನ್ನೊಂದು ಸಲ ಅನ್ನು, ಅಂದೆ.