ಮಾತಾಡಿಸಬಹುದಾದವನು

ಗ್ರಿಮ್ಸ್‌ಬಿಯ ಲೈಬ್ರರಿಯ ನೆಲಮಾಳಿಗೆಯಲ್ಲಿ
ಬೆನ್ನು ಮುರಿದ ಕಾದಂಬರಿಗಳಿಗೆ
ಅಂಟು ಬಳಿದು ಬಟ್ಟೆ ಸುತ್ತುವುದು ನನ್ನ ಕೆಲಸ.
ಓದಬಾರದು ಅಂತೇನಿಲ್ಲ. ಅಂಟು ಒಣಗುವಷ್ಟು ಹೊತ್ತು
ಯಾವ ಪುಟ ತೆರೆದಿದೆಯೋ ಆ ಪುಟ.

ಹಾಗೆ ಸಿಕ್ಕಿತು ಆ ಪದ: ಆ್ಯಫಬಲ್.
ಮೊದಲು ಒಬ್ಬ ಪಾದ್ರಿಗೆ ಅಂಟಿತ್ತು,
ಆಮೇಲೆ ನಿವೃತ್ತ ಕರ್ನಲ್‌ಗೆ,
ಬಾಡಿಗೆ ಎತ್ತಲು ತಾನೇ ಕುದುರೆ ಏರಿ ಬರುವ ಜಮೀನ್ದಾರನಿಗೆ,
ನೂರಾ ನಲವತ್ತನೇ ಪುಟದಲ್ಲಿ ಅತ್ತೆಗೆ ವಿಷ ಹಾಕುವ
ಒಬ್ಬ ದಂತವೈದ್ಯನಿಗೂ.
ಅಡುಗೆಯವಳಿಗೆ ಇಲ್ಲ. ಗಾಡಿ ಹೊಡೆಯುವವನಿಗೆ ಇಲ್ಲ.
ಅವರು ನಕ್ಕರೆ ಸಲಿಗೆ,
ಇವರು ನಕ್ಕರೆ ಗುಣ.
ಮೇಲೆ ನಿಂತವನು ಒಂದು ಮೆಟ್ಟಿಲು ಇಳಿದರೆ ಸಾಕು,
ಕಾದಂಬರಿಕಾರ ಓಡಿ ಬಂದು ಕೋಟಿಗೆ ಸಿಕ್ಕಿಸುವ ಹೂವು.

ಚೀಟಿಗಳಲ್ಲಿ ಬರೆದಿಟ್ಟೆ. ಅರವತ್ತೊಂದು ಚೀಟಿ.
ಹೆಂಗಸರು ಇಬ್ಬರೇ. ಇಬ್ಬರೂ ವಿಧವೆಯರು,
ಇಬ್ಬರಿಗೂ ಆಸ್ತಿಯಿತ್ತು.

ದೊಡ್ಡ ನಿಘಂಟು ಮಹಡಿಯಲ್ಲಿದೆ, ಎತ್ತಲು ಎರಡು ಕೈ ಬೇಕು.
ಪದದ ಬೇರು ಲ್ಯಾಟಿನ್ ಅಂತೆ,
ಅಲ್ಲಿ ನಗುವಿಲ್ಲ, ವಿನಯವಿಲ್ಲ:
ಮಾತಾಡಿಸಬಹುದಾದವನು, ಅಷ್ಟೇ.
ನಿಂತಲ್ಲೇ ನಗು ಬಂತು.
ಮಾತಾಡಿಸು! ಈ ಊರಿನ ಭಾಷೆಯಲ್ಲಿ
ಹತ್ತು ವರ್ಷ ಹುಡುಕಿ, ಸಿಗದೆ, ಕೈಬಿಟ್ಟ ಕ್ರಿಯಾಪದ.
ನಮ್ಮ ಓಣಿಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ
'ಹೋಗಿ ಮಾತಾಡಿಸಿಕೊಂಡು ಬಾ' ಎನ್ನುತ್ತಿದ್ದರು.
ಮೂಸಂಬಿ ಒಯ್ಯುತ್ತಿದ್ದದ್ದು ಬರಿಗೈ ಬೇಡವೆಂದು.

ಬಾಯ್ಲರ್ ನೋಡಿಕೊಳ್ಳುವ ವಿಲ್ಫ್ ಡೌಸ್‌ಗೆ
ಯಾವ ಕಾದಂಬರಿಯೂ ಈ ಪದ ಕೊಡುತ್ತಿರಲಿಲ್ಲ.
ಗಂಟುಮೋರೆ. ಗುಡ್ ಮಾರ್ನಿಂಗ್ ಅಂದರೆ
ಗಡಿಯಾರ ನೋಡಿ ಖಚಿತ ಮಾಡಿಕೊಳ್ಳುವ ಆಸಾಮಿ.
ಹಿಂದೆ ಮೀನಿನ ಹಡಗಿನಲ್ಲಿದ್ದನಂತೆ,
ಬಲಗೈಯಲ್ಲಿ ಎರಡು ಬೆರಳಿಲ್ಲ.
ಆದರೂ ಅವನ ಕೋಣೆಯ ಎರಡನೇ ಕುರ್ಚಿ
ಎಂದೂ ತಣ್ಣಗಿರುವುದಿಲ್ಲ:
ಗಂಡನನ್ನು ಬಿಟ್ಟುಬಂದ ಕ್ಯಾಟಲಾಗಿನ ಹುಡುಗಿ,
ಟಪಾಲಿನವ, ಒಮ್ಮೆ ಸ್ವತಃ ಮೇಯರು.

ಅಕ್ಕ ನಾಗವೇಣಿ ತೀರಿಕೊಂಡ ಸುದ್ದಿ ಬಂದ ಮಧ್ಯಾಹ್ನ
ನಾನೂ ಹೋಗಿ ಕೂತೆ.
ಬಾಯಿ ತೆರೆದರೆ ಬಂದದ್ದು ಕನ್ನಡ.
ತಿದ್ದಿಕೊಳ್ಳಲಿಲ್ಲ.
ಜಡೆ ಹೆಣೆಯುವಾಗ ಬೇಕೆಂದೇ ಜಗ್ಗುತ್ತಿದ್ದದ್ದು,
ನನ್ನ ಕೆಂಪು ರಿಬ್ಬನ್ ಕದ್ದು, ಕದ್ದಿಲ್ಲವೆಂದು
ದೇವರ ಮುಂದೆ ಆಣೆಯಿಟ್ಟದ್ದು,
ಕೊನೆಯ ಫೋನನ್ನು ನಾನು ಎತ್ತದೇ ಇದ್ದದ್ದು,
ಎಲ್ಲ ಹೇಳಿದೆ.
ಅವನು ಒತ್ತಡದ ಮುಳ್ಳು ನೋಡುತ್ತಿದ್ದ.
ನಾನು ನಿಂತಾಗೆಲ್ಲ ಒಂದು 'ಆಯ್' ಅಂದ,
ನಮ್ಮಲ್ಲಿ ಕತೆ ಕೇಳುವವರು ಹೂಂಗುಟ್ಟುವ ಹಾಗೆ.

ಮರಳಿ ಬಂದಾಗ ಬಟ್ಟಲಲ್ಲಿ ಅಂಟು ಗಟ್ಟಿಯಾಗಿತ್ತು,
ಬ್ರಷ್ಷಿನ ಸಮೇತ.
ಮರುದಿನ ಮೆಟ್ಟಿಲ ಬಳಿ ಸಿಕ್ಕ.
ಗುಡ್ ಮಾರ್ನಿಂಗ್ ಅಂದೆ.
ಗಡಿಯಾರ ನೋಡಿದ.