ಗುಳ್ಳಿ ನೋಡೋದು

ಹುಬ್ಬಳ್ಳಿ ಕಾರವಾರ ರಸ್ತೆದಾಗ ಮೂವತ್ತೆರಡು ವರ್ಷ
ತೂತು ಹುಡುಕೇನಿ ನಾನು.
ಟ್ಯೂಬ್ ಉಬ್ಬಿಸಿ, ಕರೇ ನೀರಾಗ ಅದ್ದಿ,
ಕಿವಿ ಹತ್ರ ಇಟ್ಟು, ಗಲ್ಲಕ್ಕ ಹಿಡದು,
ಎಲ್ಲಿ ಗುಳ್ಳಿ ಏಳತೈತಿ ಅಲ್ಲೊಂದು ಚಾಕ್‌ಪೀಸಿನ ಗೆರಿ.
ಕೆರದು, ಸೊಲ್ಯೂಷನ್ ಹಚ್ಚಿ, ಊದಿ, ತ್ಯಾಪಿ ಬಡದು
"ಹೋಗ್ರಿ, ಗೋವಾ ಮುಟ್ಟತೈತಿ" ಅಂತ ಕಳಿಸೇನಿ.

ನನ್ನ ಕೈಯಾಗಿನ ನರ ಮಾತ್ರ
ಎರಡನೇ ಡೋಸಿಗೇ ಕೈ ಕೊಟ್ಟುವು.

ಔಷಧ ಕೆಂಪಗ, ಉರುಸಿನ ಶರಬತ್ತಿನಂಗ.
ನರದ ಹೊರಗ ಒಂದು ಹನಿ ಸೋರಿದ್ರ
ಚರ್ಮ ಸುಡತೈತಂತ.
ಸಿಸ್ಟರ್ ದಾಕ್ಷಾಯಣಿ, ಅಣ್ಣಿಗೇರಿಯಾಕಿ,
ರಟ್ಟಿಗೆ ಪಟ್ಟಿ ಬಿಗದು, ಬೆರಳಿಲೆ ತಟ್ಟಿ ತಟ್ಟಿ
"ಅಡಗಿ ಕುಂತಾವ ನೋಡ್ರಿ ದಾವಲಸಾಬ ಕಾಕಾ" ಅಂದ್ಲು.
ನಾಕು ಸಲ ಚುಚ್ಚಿದ್ಲು. ಐದನೇದಕ್ಕ ಆಕಿ ಕಣ್ಣಾಗ ನೀರು.
ಅಳಬ್ಯಾಡವಾ, ಹಳೇ ಟ್ಯೂಬು,
ತ್ಯಾಪಿ ಮ್ಯಾಲೆ ತ್ಯಾಪಿ ಕೂಡಂಗಿಲ್ಲ, ಅಂದೆ.

ಪೋರ್ಟ್ ಹಾಕೋಣು ಅಂದ್ರು ಡಾಕ್ಟರು.
ಪೋರ್ಟ್ ಅಂದ್ರ ನನಗ ಗೊತ್ತಿದ್ದದ್ದು ಕಾರವಾರದ್ದೊಂದ.
ಅದಿರು ಹೇರಿಕೊಂಡು ಹೋದ ಡ್ರೈವರುಗಳು
ಅಲ್ಲಿ ಮೂರು ಮೂರು ದಿನ ಪಾಳಿ ನಿಂತು
ತಿರುಗಿ ಬರುವಾಗ ನನ್ನ ಮುಂದ ಬೈತಿದ್ರು.
ಮಾಬೂಬಿ ಕೇಳಿದ್ಲು: "ಎದಿಯಾಗ ಹಡಗು ಬರತಾವೇನ್ರಿ?"
ಡಾಕ್ಟರು ನಗಲಿಲ್ಲ.
ನಾವಿಬ್ರೂ ನಕ್ಕಿವಿ. ನಗಬೇಕಾಗಿತ್ತು.

ಹಾಕೋಕಿಂತ ಮೊದಲ ಒಂದು ಮಾದರಿ ಕೈಯಾಗ ಕೊಟ್ಲು ಸಿಸ್ಟರ್.
ಎಂಟಾಣೆಯಷ್ಟು ಗುಂಡಿ,
ಗುಂಡಿಯಿಂದ ಗುಂಡಿಗಿ ಬಾಗಲ ತನಕ ಸಣ್ಣ ನಳಿಗಿ,
ನಡುವ ರಬ್ಬರು.
"ಸಾವಿರ ಸಲ ಚುಚ್ಚಿದ್ರೂ
ಸೂಜಿ ತಗದ ಕೂಡ್ಲೆ ತಾನ ಮುಚ್ಚಿಕೋತೈತಿ ಕಾಕಾ."

ಉಗುರಿಲೆ ಒತ್ತಿ ನೋಡಿದೆ. ಹಲ್ಲಿಲೆ ಕಚ್ಚಬೇಕನಿಸ್ತು.
ಇಂಥಾ ರಬ್ಬರು ಲಾರಿ ಗಾಲಿಗೆ ಬಂದ್ರ
ನಮ್ಮ ಹೊಟ್ಟಿ ಮ್ಯಾಲೆ ತಣ್ಣೀರ ಬಟ್ಟಿನ ಅಂದೆ.
ಆಕಿ ನಕ್ಕಳು,
ಒಂದೀಟು ತಡದು.

ಬಾಜೂ ಕುರ್ಚಿಯಾಗ ಶಿಗ್ಗಾವಿ ಹುಡುಗಿ, ಒಂಬತ್ತು ವರ್ಷದ್ದು.
ಅದಕ್ಕೂ ಇತ್ತು ಗುಂಡಿ.
"ನಿಂದು ಒತ್ತಿದ್ರ ಲೈಟ್ ಹತ್ತತೈತೇನಜ್ಜಾ?"
ಲೈಟಿಲ್ಲವಾ, ಹಾರ್ನ್ ಐತಿ ಅಂದು
ಬಾಯಿಲೆ ಟಿಪ್ಪರ್ ಹಾರ್ನ್ ಹೊಡದೆ.
ವಾರ್ಡಿನವ್ರೆಲ್ಲ ತಿರುಗಿ ನೋಡಿದ್ರು.
ಮುಂದಿನ ಡೋಸಿಗೆ ಆ ಕುರ್ಚಿಯಾಗ ಬ್ಯಾರೆ ಯಾರೋ.
ಹುಡುಗಿ ದಿನ ಬದಲಾಗೈತಿ ಅಂದ್ರು.
ನಂಬಿದೆ.

ಈಗ ಹನ್ನೆರಡೂ ಮುಗದಾವ. ಕುತ್ತಿಗಿ ಗಂಟು ಕರಗೈತಿ.
ಗುಂಡಿ ಇನ್ನೊಂದೆರಡು ವರ್ಷ ಇರಲಿ ಅಂದಾರ.
ತಿಂಗಳಿಗೊಮ್ಮೆ ನವನಗರಕ್ಕ ಹೋಗಿ
ಅದರಾಗ ನೀರು ಹಾಯಿಸಿಕೊಂಡು ಬರತೀನಿ.
ಹಂಗ ಬಿಟ್ರ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚತೈತಂತ.
ಔಷಧ ಇಲ್ಲ, ಏನಿಲ್ಲ,
ಬರೇ ದಾರಿ ಕಾಯೂದು.

ನಿನ್ನೆ ಫಕ್ಕೀರೇಶಿ ಚಾ ತರಾಕ ಹೋದಾಗ
ಅಂಗಿ ಬಿಚ್ಚಿ,
ವಾಲ್ ಮ್ಯಾಲೆ ಎಂಜಲ ಹಚ್ಚಿ ನೋಡತೀವಲ್ಲ, ಹಂಗ
ಬೆರಳು ನೆಕ್ಕಿ ಅದರ ಮ್ಯಾಲೆ ಹಚ್ಚಿ
ಉಸರ ಹಿಡದು ಕುಂತೆ.

ಗುಳ್ಳಿ ಏಳಲಿಲ್ಲ.
ಮತ್ತೊಮ್ಮೆ ಹಚ್ಚಿದೆ.

ಹೊರಗ ಲಾರಿ ಒಂದು, ಹಿಂದಿನ ಗಾಲಿ ನೆಲಕ್ಕ ಕೂಡಿಸಿ,
ಒಂದ ಸವನ ಹಾರ್ನ್ ಹೊಡ್ಯಾಕ ಹತ್ತಿತ್ತು.
ಬಂದೆ ತಡೀಪಾ, ಅಂದೆ,
ಅಂಗಿ ಗುಂಡಿ ಹಾಕ್ಕೊಳ್ಳಾರದ.