ಹತ್ತಿಬಿಲ್ಲೆ

ಶನಿವಾರಸಂತೆ ಡೇರಿ, ಬೆಳಗಿನ ಆರೂವರೆ.
ಕ್ಯಾನಿನ ತಳದಿಂದ ಎತ್ತಿದ ಹಾಲು
ರೂಪಾಯಿಯಗಲ ಹತ್ತಿಬಿಲ್ಲೆಯ ಹಾದು
ಇಳಿಯುತ್ತದೆ; ಉಳಿಯುವುದು ಉಳಿಯುತ್ತದೆ.

ಹೊನ್ನವ್ವನ ಬಿಲ್ಲೆ: ಒಂದು ಕೆಂದು ಕೂದಲು,
ಹುಲ್ಲಿನ ಚೂರು, ಕಾಫಿಹೂವಿನ ಒಣ ಎಸಳು.
ತಲೆ ತಗ್ಗಿಸಿ ಸೆರಗಲ್ಲೇ ಕೈಯೊರೆಸಿದಳು.
ಜೋಯಪ್ಪನವರದ್ದು ಬರೀ ಬಿಳುಪು.
"ನೋಡಿಕೋ," ಅಂದರು, ನನಗಲ್ಲ, ಸಾಲಿಗೆ.

ಆಮೇಲೆ ನಳಿಕೆಗೆ ನೀಲಿ ಹನಿಸಿದೆ,
ಬೆಚ್ಚನೆ ನೀರಲ್ಲಿಟ್ಟು ಗಡಿಯಾರ ನೋಡಿದೆ.
ಅವರದ್ದು ಅರ್ಧಗಂಟೆಗೇ ಬೆಳ್ಳಗಾಯಿತು.
ಅವಳ ನೀಲಿ
ನಾನು ಊಟ ಮುಗಿಸಿ ಬಂದರೂ ಇತ್ತು.

ಹಳೇ ಪಂಚೆಯ ನಾಲ್ಕು ಮಡಿಕೆ ಹಾಕಿ
ಸೋಸಿ ತರುತ್ತಾರೆ, ಗೊತ್ತು.
ಸಗಣಿ ಬಟ್ಟೆಯಲ್ಲಿ ನಿಲ್ಲುತ್ತದೆ,
ಕರಗಿದ್ದು ನಿಲ್ಲುವುದಿಲ್ಲ.

ಪುಸ್ತಕದಲ್ಲಿ ಎರಡನ್ನೂ ಬರೆದೆ.
ಕೂದಲನ್ನು ಮಾತ್ರ ಚಿಮುಟದಿಂದ ಎತ್ತಿ
ಕಿಟಕಿಯಾಚೆ ಊದಿದೆ.